ಪಟ್ಟಿಯಲ್ಲಿದೆಯಾ? ಜೂನ್ ತಿಂಗಳ ಪುಟಗಳು

ಜೂನ್ 9, 2025, ಸೋಮವಾರ

ನಿನ್ನೆಗೆ ಪಿಎಚ್‌ಪಿ ಭಾಷೆಗೆ ಮೂವತ್ತು ವರ್ಷ. ರಾಸ್ಮಸ್ ಲೆರ್ಡಾರ್ಫ್ ತಮ್ಮ 'ಪರ್ಸನಲ್ ಹೋಮ್ ಪೇಜ್ ಟೂಲ್ಸ್' ಬಗ್ಗೆ ಯೂಸ್‌ನೆಟ್‌ನಲ್ಲಿ ಬರೆದು ಹಂಚಿದ್ದು 1995ರ ಜೂನ್ 8ರಂದು. ಭಾನುವಾರವಾದ್ದರಿಂದಲೋ ಏನೋ, ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರೂ ಚಕಾರ ಎತ್ತಲಿಲ್ಲ. ತಿಂಗಳ ಸಂಬಳ ಮಾತ್ರ ಎಲ್ಲರಿಗೂ ಅದರಿಂದಲೇ ಬರುತ್ತದೆ.

ಪುಸ್ತಕ ವಿತರಕರೊಬ್ಬರ ಸೈಟನ್ನು ಪಿಎಚ್‌ಪಿ 7.4ರಿಂದ 8.3ಕ್ಕೆ ಏರಿಸುವ ಕೆಲಸ ಇವತ್ತು ಕೈಗೆ ಬಂತು. 8.4 ಕಳೆದ ನವೆಂಬರಿನಲ್ಲೇ ಬಂದಿದೆ, ಆದರೆ ಅವರು ಬಾಡಿಗೆಗೆ ಹಿಡಿದ ಸರ್ವರ್‌ನಲ್ಲಿ ಸಿಗುವುದು 8.3ರ ತನಕ. 7.4ಕ್ಕೆ ಭದ್ರತೆಯ ತಿದ್ದುಪಡಿಗಳು ನಿಂತದ್ದು 2022ರ ನವೆಂಬರ್‌ನಲ್ಲಿ. ಮಾಲೀಕರದು ಒಂದೇ ಮಾತು: "ಓಡ್ತಾ ಇದೆಯಲ್ಲಮ್ಮ, ಯಾಕೆ ಕೆದಕ್ತೀರ?"

ಪರೀಕ್ಷೆಯ ಸರ್ವರ್‌ನಲ್ಲಿ ಹೊಸ ಆವೃತ್ತಿ ಹಾಕಿದ ಕೂಡಲೇ ಬಿದ್ದದ್ದು ಆರ್ಡರ್ ಪುಟ. ಸಾಲು ನೋಡಿದರೆ ಪಾಪದ್ದು. ಗ್ರಾಹಕರ ಸಂಖ್ಯೆ ಬಾಕಿದಾರರ ಪಟ್ಟಿಯಲ್ಲಿ ಇಲ್ಲದಿದ್ದರೆ ಸಾಲದ ಮೇಲೆ ಪುಸ್ತಕ ಕೊಡು, ಅಷ್ಟೆ. ಕೇಳುತ್ತಿರುವುದು ಇನ್_ಅರೇ ಎಂಬ ಫಂಕ್ಷನ್: ಈ ಬೆಲೆ ಈ ಅರೇಯಲ್ಲಿ ಇದೆಯಾ? ಪರೀಕ್ಷೆಯ ಸರ್ವರ್‌ನಲ್ಲಿ ಬಾಕಿದಾರರ ಫೈಲೇ ಇರಲಿಲ್ಲ. ಹಾಗಾಗಿ ಅರೇ ಇರಬೇಕಾದ ಜಾಗದಲ್ಲಿ ಫಾಲ್ಸ್ ಕೂತಿತ್ತು. ಪಿಎಚ್‌ಪಿ 8 ಅದನ್ನು ಸಹಿಸುವುದಿಲ್ಲ, ಟೈಪ್‌ಎರರ್ ಎಸೆದು ಅಲ್ಲೇ ನಿಲ್ಲುತ್ತದೆ.

7.4 ಏನು ಮಾಡುತ್ತಿತ್ತು? ಲಾಗ್‌ನಲ್ಲಿ ಒಂದು ಎಚ್ಚರಿಕೆ ಗೀಚಿ ನಲ್ ಅನ್ನು ಕೈಗಿಡುತ್ತಿತ್ತು. ನಲ್‌ಗೆ 'ಇಲ್ಲ' ಎಂಬ ಚಿಹ್ನೆ ಹಚ್ಚಿದರೆ ಟ್ರೂ. ಅಂದರೆ ಬಾಕಿದಾರರ ಫೈಲು ಕಾಣೆಯಾದ ದಿನ ಊರಿನ ಬಾಕಿದಾರರೆಲ್ಲ ಸಾಚಾಗಳು! ನಿಜವಾದ ಸರ್ವರ್‌ನಲ್ಲಿ ಅಂಥ ದಿನ ಬಂದಿತ್ತೋ ಇಲ್ಲವೋ, ಹಳೆಯ ಲಾಗ್ ಯಾರೂ ಉಳಿಸಿಲ್ಲ. 'ಒಳಗೆ ಬಿಡಬೇಕಾದವರ ಪಟ್ಟಿ' ಕಳೆದುಹೋದರೆ ಯಾರೂ ಒಳಗೆ ಬರುವುದಿಲ್ಲ, ಹತ್ತು ನಿಮಿಷದಲ್ಲಿ ಫೋನು ಬರುತ್ತದೆ. 'ತಡೆಯಬೇಕಾದವರ ಪಟ್ಟಿ' ಕಳೆದುಹೋದರೆ ಎಲ್ಲರೂ ಒಳಗೆ, ಫೋನು ಮಾತ್ರ ಬರುವುದಿಲ್ಲ. ಒಂದೇ ಫಂಕ್ಷನ್, ಪ್ರಶ್ನೆ ಕೇಳುವ ದಿಕ್ಕು ಬೇರೆ. ಹೊಸ ಆವೃತ್ತಿ ಬಿದ್ದು ಸದ್ದು ಮಾಡಿದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಮಾಲೀಕರಿಗೆ ಇದನ್ನು ಒಪ್ಪಿಸುವುದು ಬೇರೆ ಮಾತು.

ಜೂನ್ 10, ಮಂಗಳವಾರ

ಹೊಸದಾಗಿ ಸೇರಿದ ಹುಡುಗನನ್ನು ಕೂರಿಸಿಕೊಂಡು ಕೋಡ್ ಪೂರ್ತಿ ಇನ್_ಅರೇ ಹುಡುಕಿದ್ದಾಯಿತು. ಕಾಲಿಟ್ಟಲ್ಲೆಲ್ಲ ಇದೆ. ಬಳಕೆದಾರರ ಅಧಿಕಾರ, ಆರ್ಡರ್ ಸ್ಥಿತಿ, ಜಿಲ್ಲೆ, ಭಾಷೆ, ಕಪಾಟು, ಪಾವತಿ. ಮೂರನೆಯ ಆರ್ಗ್ಯುಮೆಂಟ್ ಕೊಟ್ಟದ್ದು ಎಲ್ಲೂ ಇಲ್ಲ. ಆ ಮೂರನೆಯದು ಟ್ರೂ ಆಗಿದ್ದರೆ ಹೋಲಿಕೆ ಮೂರು ಸಮಚಿಹ್ನೆಯದು (===), ಬೆಲೆಯ ಜೊತೆ ಟೈಪೂ ಒಂದೇ ಆಗಿರಬೇಕು. ಕೊಡದಿದ್ದರೆ ಎರಡು ಸಮಚಿಹ್ನೆಯ ಸಡಿಲ ಹೋಲಿಕೆ (==).

ಹುಡುಗನಿಗೆ 7.4ರಲ್ಲಿ ಇದನ್ನು ಓಡಿಸಲು ಹೇಳಿದೆ:

ಇನ್_ಅರೇ(0, ["ಮ್ಯಾನೇಜರ್", "ಗುಮಾಸ್ತ"])

ಟ್ರೂ ಬಂತು. ಅವನು ಪರದೆಯನ್ನೂ ನನ್ನನ್ನೂ ನೋಡಿದ. "ಮೇಡಂ, ಸೊನ್ನೆ ಹೇಗೆ ಮ್ಯಾನೇಜರ್ ಆಗತ್ತೆ?"

ಹಳೆಯ ನಿಯಮ ಹಾಗಿತ್ತು. ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಸ್ಟ್ರಿಂಗ್ ಇದ್ದರೆ ಸ್ಟ್ರಿಂಗನ್ನು ಸಂಖ್ಯೆ ಮಾಡು. 'ಮ್ಯಾನೇಜರ್' ಎಂಬುದರಲ್ಲಿ ಅಂಕೆಯೇ ಇಲ್ಲ, ಆದ್ದರಿಂದ ಅದು 0. ಸೊನ್ನೆಗೆ ಸೊನ್ನೆ ಸಮ. 2020ರ ನವೆಂಬರ್ 26ರಂದು ಬಂದ ಪಿಎಚ್‌ಪಿ 8.0 ಇದನ್ನು ತಿರುಗಿಸಿತು. ನಿಕಿತಾ ಪೊಪೊವ್ ಮುಂದಿಟ್ಟ ಪ್ರಸ್ತಾವ ಅದು: ಸ್ಟ್ರಿಂಗ್ ಸಂಖ್ಯೆಯಂತೆ ಕಾಣದಿದ್ದರೆ ಸಂಖ್ಯೆಯನ್ನೇ ಸ್ಟ್ರಿಂಗ್ ಮಾಡಿ ಹೋಲಿಸು. ಈಗ '0' ಬೇರೆ, 'ಮ್ಯಾನೇಜರ್' ಬೇರೆ.

ಇಷ್ಟು ವರ್ಷ ಈ ಹುಳುಕು ಯಾರ ಕಣ್ಣಿಗೂ ಬೀಳದಿರಲು ಕಾರಣವಿದೆ. ಎಚ್‌ಟಿಎಂಎಲ್ ಫಾರಂನಿಂದ ಬರುವುದೆಲ್ಲ ಸ್ಟ್ರಿಂಗು. ಸೊನ್ನೆ ಬರೆದರೂ ಬರುವುದು "0" ಎಂಬ ಅಕ್ಷರ. ಎರಡೂ ಕಡೆ ಸ್ಟ್ರಿಂಗ್ ಇದ್ದು ಒಂದು ಸಂಖ್ಯೆಯಂತಿಲ್ಲದಿದ್ದರೆ ಹೋಲಿಕೆ ಸರಿಯಾಗಿಯೇ ನಡೆಯುತ್ತದೆ. ಕತೆ ಕೆಟ್ಟದ್ದು ಮೊಬೈಲ್ ಆ್ಯಪ್ ಬಂದ ಮೇಲೆ. ಆ್ಯಪ್ ಕಳಿಸುವುದು ಜೇಸನ್, ಅದರಲ್ಲಿ ಸಂಖ್ಯೆ ಸಂಖ್ಯೆಯಾಗಿ, ಟ್ರೂ ಟ್ರೂ ಆಗಿಯೇ ಬರುತ್ತದೆ. ಕಳಿಸುವವನು ಯಾವ ಟೈಪು ಬೇಕೋ ಅದನ್ನು ಆರಿಸಿಕೊಳ್ಳಬಹುದು.

"ಹಾಗಾದ್ರೆ 8ಕ್ಕೆ ಹೋದ್ರೆ ಮುಗೀತಲ್ವಾ ಮೇಡಂ?"

ಸೊನ್ನೆಯ ಜಾಗದಲ್ಲಿ ಟ್ರೂ ಹಾಕಿ ನೋಡು ಎಂದೆ. 8.3ರಲ್ಲೂ ಉತ್ತರ ಟ್ರೂ! ಖಾಲಿಯಲ್ಲದ, "0" ಅಲ್ಲದ ಪ್ರತಿ ಸ್ಟ್ರಿಂಗೂ ಸಡಿಲ ಹೋಲಿಕೆಯಲ್ಲಿ ಟ್ರೂಗೆ ಸಮ. ನಲ್ ಇವತ್ತಿಗೂ 0ಗೆ ಸಮ, ಖಾಲಿ ಸ್ಟ್ರಿಂಗಿಗೂ ಸಮ. ಆವೃತ್ತಿ ಏರಿಸಿದರೆ ಒಂದು ತೂತು ಮುಚ್ಚುತ್ತದೆ, ಗೋಡೆ ಹಳೆಯದೇ.

ಜೂನ್ 12, ಗುರುವಾರ

ಹುಡುಗ ಹುರುಪಿನವನು. ನಿನ್ನೆ ಸಂಜೆಯೇ ಎಲ್ಲ ಇನ್_ಅರೇಗೂ ಮೂರನೆಯ ಟ್ರೂ ಅಂಟಿಸಿ, ಬೆಳಗ್ಗೆ ನಗುತ್ತಾ ಬಂದ. ಹನ್ನೊಂದು ಗಂಟೆಗೆ ಶಾಲೆಗಳ ಆರ್ಡರ್ ಪುಟದಲ್ಲಿ ಒಂದೂ ಪುಸ್ತಕ ಟಿಕ್ ಆಗುತ್ತಿಲ್ಲ.

ಎಲ್ಲ ಪುಸ್ತಕದಲ್ಲೂ ಹೇಳುವ ಸಲಹೆಯನ್ನೇ ಅವನು ಪಾಲಿಸಿದ್ದ. 'ಸ್ಟ್ರಿಕ್ಟ್ ಬಳಸಿ'. ಆ ಸಲಹೆಯ ಅರ್ಧ ಭಾಗ ಮಾತ್ರ ಬಾಯಿಂದ ಬಾಯಿಗೆ ಬಂದಿದೆ ಎಂದು ನನ್ನ ಅನುಮಾನ. ಫಾರಂನಿಂದ ಬಂದದ್ದು "12" ಎಂಬ ಸ್ಟ್ರಿಂಗ್, ಡೇಟಾಬೇಸಿನಿಂದ ಬಂದದ್ದು 12 ಎಂಬ ಸಂಖ್ಯೆ. ಸ್ಟ್ರಿಕ್ಟ್ ಪ್ರಕಾರ ಇವೆರಡೂ ಅಪರಿಚಿತರು.

ಇದರಲ್ಲಿ ಇನ್ನೊಂದು ಮಡಿಕೆಯಿದೆ, ಅದನ್ನು ಬಿಡಿಸಲು ಮಧ್ಯಾಹ್ನವೇ ಬೇಕಾಯಿತು. ಇದೇ ಬದಲಾವಣೆಯನ್ನು 7.4ರಲ್ಲಿ ಮಾಡಿದ್ದರೆ ಪುಟ ಸರಿಯಾಗಿಯೇ ನಡೆಯುತ್ತಿತ್ತು. ಪಿಡಿಒ ಮೂಲಕ ಮೈಎಸ್‌ಕ್ಯೂಎಲ್‌ನಿಂದ ಓದುವಾಗ, ಪ್ರಿಪೇರ್ಡ್ ಸ್ಟೇಟ್‌ಮೆಂಟನ್ನು ಪಿಎಚ್‌ಪಿಯೇ ಅನುಕರಿಸುವ ಸೆಟ್ಟಿಂಗ್ ಇದ್ದರೆ, ಸಂಖ್ಯೆಯ ಕಾಲಂ ಕೂಡ ಸ್ಟ್ರಿಂಗ್ ಆಗಿ ಬರುತ್ತಿತ್ತು. 8.1ರಿಂದ ಅದು ಸಂಖ್ಯೆಯಾಗಿಯೇ ಬರುತ್ತದೆ. ಬದಲಾವಣೆ ಒಳ್ಳೆಯದೇ. ಆದರೆ ಸ್ಟ್ರಿಂಗಿಗೆ ಸ್ಟ್ರಿಂಗ್ ಎಂದು ಯಾರೋ ಬಿಗಿಯಾಗಿ ಬರೆದಿಟ್ಟ ಸಾಲು ಈಗ ಸದ್ದಿಲ್ಲದೆ 'ಇಲ್ಲ' ಅನ್ನುತ್ತದೆ. ಸಡಿಲವಾಗಿ ಬರೆದವರ ಕೋಡ್ ಬದುಕಿತು, ಬಿಗಿಯಾಗಿ ಬರೆದವರದು ಬಿತ್ತು. ನ್ಯಾಯ ಎಲ್ಲಿದೆ?

ಇದಕ್ಕೆ ವಿರುದ್ಧ ದಿಕ್ಕಿನದೂ ಸಿಕ್ಕಿತು. ಮರುಮುದ್ರಣಗಳಿಗೆ "12-ಎ" ಎಂಬ ಥರದ ಸಂಖ್ಯೆ ಕೊಟ್ಟಿದ್ದಾರೆ. 7.4ರಲ್ಲಿ "12-ಎ" ಸಡಿಲವಾಗಿ 12ಕ್ಕೆ ಸಮ, ಮುಂದಿನ ಅಂಕೆಗಳನ್ನು ಹಿಡಿದು ಉಳಿದದ್ದನ್ನು ಬಿಟ್ಟುಬಿಡುತ್ತಿತ್ತು. ಮರುಮುದ್ರಣಕ್ಕೂ ಮೂಲ ಮುದ್ರಣದ ರಿಯಾಯಿತಿ ಸಿಗುತ್ತಿದ್ದದ್ದು ಹೀಗೆ. ಯಾರೂ ಹಾಗೆಂದು ನಿರ್ಧರಿಸಿರಲಿಲ್ಲ, ಭಾಷೆಯೇ ನಿರ್ಧರಿಸಿತ್ತು. 8ರಲ್ಲಿ ಆ ರಿಯಾಯಿತಿ ಹೋಗುತ್ತದೆ. ಮಾಲೀಕರನ್ನು ಕೇಳಿದರೆ, "ಕೊಡ್ತಾ ಇದ್ವಾ? ಕೊಡೋದೇ ಸರಿ ಬಿಡಿ" ಎಂದರು. ಸರಿ, ಇನ್ನು ಅದನ್ನು ಕೋಡ್‌ನಲ್ಲಿ ಬಾಯಿಬಿಟ್ಟು ಬರೆಯಬೇಕು.

ಹುಡುಗನಿಗೆ ಹೇಳಿದ್ದು ಇಷ್ಟು. ಸ್ಟ್ರಿಕ್ಟ್ ಇರಲಿ, ತೆಗೆಯಬೇಡ. ಆದರೆ ಹೋಲಿಸುವ ಜಾಗದಲ್ಲಿ ಟೈಪ್ ಸರಿಮಾಡಲು ಹೋಗಬೇಡ. ಫಾರಂನಿಂದ, ಜೇಸನ್‌ನಿಂದ, ಫೈಲಿನಿಂದ ಮಾಲು ಒಳಗೆ ಬರುವ ಬಾಗಿಲಲ್ಲೇ ಇದು ಸಂಖ್ಯೆ, ಇದು ಸ್ಟ್ರಿಂಗ್ ಎಂದು ತೀರ್ಮಾನ ಮಾಡು. ಒಳಗೆ ಬಂದ ಮೇಲೆ ಅನುಮಾನ ಇರಕೂಡದು.

ಜೂನ್ 13, ಶುಕ್ರವಾರ

ಇವತ್ತು ಸಣ್ಣಪುಟ್ಟದ್ದು. ಅರೇ_ಸರ್ಚ್ ಬಳಸಿ ಇದೆಯಾ ಎಂದು ಕೇಳಿದ ಒಂದು ಜಾಗ. ಅದು ಸಿಕ್ಕ ಜಾಗದ ಕೀಲಿ ಕೊಡುತ್ತದೆ, ಮೊದಲನೆಯದೇ ಸಿಕ್ಕರೆ ಕೀಲಿ 0, ಇಫ್‌ನ ಒಳಗೆ 0 ಎಂದರೆ ಇಲ್ಲ. ಪಟ್ಟಿಯಲ್ಲಿ ಮೊದಲು ನಿಂತವನಿಗೆ ಮಾತ್ರ ಬಾಗಿಲು ಮುಚ್ಚಿತ್ತು. ಫಾಲ್ಸ್‌ಗೆ ಮೂರು ಸಮಚಿಹ್ನೆಯಿಂದ ಹೋಲಿಸಿ ಸರಿಮಾಡಿದೆ.

ಹುಡುಗನ ದೂರು: ಇನ್_ಅರೇಯಲ್ಲಿ ಹುಡುಕುವುದು ಮೊದಲು, ಪಟ್ಟಿ ಆಮೇಲೆ. ಸ್ಟ್ರಿಂಗಿನೊಳಗೆ ಹುಡುಕುವ ಸ್ಟ್ರ್‌ಪಾಸ್‌ನಲ್ಲಿ ತಿರುಗಾಮುರುಗಾ. ಸ್ಟ್ರಿಂಗಿನವು ಸಿ ಭಾಷೆಯ ಸ್ಟ್ರ್‌ಸ್ಟ್ರ್‌ನ ಕ್ರಮವನ್ನು ಉಳಿಸಿಕೊಂಡಿವೆ, 2020ರಲ್ಲಿ ಹುಟ್ಟಿದ ಸ್ಟ್ರ್_ಕಂಟೇನ್ಸ್ ಕೂಡ ಅದೇ ಜಾಡು. ಅರೇಯವಕ್ಕೆ ಬೇರೆ ಸಂಪ್ರದಾಯ. ನನಗೂ ಇವತ್ತಿಗೂ ಎಡಿಟರ್ ತೋರಿಸಿದರೇ ಗೊತ್ತಾಗುವುದು, ಇದರಲ್ಲಿ ನಾಚಿಕೆಯೇನಿಲ್ಲ.

ಜೂನ್ 16, ಸೋಮವಾರ

ಬೆಳಗ್ಗೆಯಿಂದ ಜಿಟಿಜಿಟಿ. ಗೋದಾಮಿನ ಮೇಲ್ವಿಚಾರಕರ ಫೋನು. ವಯಸ್ಸಾದವರು, ಕಂಪ್ಯೂಟರ್ ಎಂದರೆ ಆಗದು, ಆದರೆ ಅವರು ಹೇಳಿದ್ದನ್ನು ಯಾವತ್ತೂ ತಳ್ಳಿಹಾಕಬಾರದು. "ಏನಮ್ಮ, ಈ ಇ ಸಾಲು ಮಾತ್ರ ಯಾಕೆ ಹಿಂಗೆ ಹಠ ಹಿಡಿಯುತ್ತೆ? ಎಣಿಕೆಗೆ ಅಂತ ನೂರನೇ ಕಪಾಟು ಮುಚ್ಚಿದ್ರೆ ಇಲ್ಲಿಂದಲೂ ಪುಸ್ತಕ ತೆಗೆಯೋಕೆ ಬಿಡೊಲ್ದು."

ಅಲ್ಲಿ ಹಳೆಯ ಕಪಾಟುಗಳಿಗೆ ಬರೀ ಅಂಕೆ, 1ರಿಂದ ಶುರು. ಆಮೇಲೆ ಕಟ್ಟಿದ ಭಾಗದಲ್ಲಿ ಕೋಣೆ, ಸಾಲಿನ ಇಂಗ್ಲಿಷ್ ಅಕ್ಷರ, ಅಂಕೆ. ಒಂದನೇ ಕೋಣೆಯ ಇ ಸಾಲಿನ ಎರಡನೆಯದು 1ಇ2. ಎಣಿಕೆಗಾಗಿ ಮುಚ್ಚಿದ ಕಪಾಟುಗಳ ಪಟ್ಟಿಯಲ್ಲಿ "100" ಇತ್ತು. ಬಂದ ಆರ್ಡರ್‌ನ ಕಪಾಟು "1ಇ2". ಎರಡೂ ಸ್ಟ್ರಿಂಗ್, ಹಾಗಾದರೆ ಜಗಳವೆಲ್ಲಿ?

ಜಗಳ ಇಲ್ಲಿದೆ. ಸಡಿಲ ಹೋಲಿಕೆಯಲ್ಲಿ ಎರಡೂ ಸ್ಟ್ರಿಂಗುಗಳು ಸಂಖ್ಯೆಯಂತೆ ಕಂಡರೆ ಪಿಎಚ್‌ಪಿ ಎರಡನ್ನೂ ಸಂಖ್ಯೆ ಮಾಡಿಯೇ ಹೋಲಿಸುತ್ತದೆ. ವಿಜ್ಞಾನದ ಬರವಣಿಗೆಯಲ್ಲಿ ಒಂದರ ಮುಂದೆ ಇ, ಅದರ ಮುಂದೆ ಎರಡು ಎಂದರೆ ಒಂದನ್ನು ಹತ್ತರ ವರ್ಗದಿಂದ ಗುಣಿಸಿದ್ದು, ಅಂದರೆ ನೂರು. 3ಇ1 ಎಂದರೆ ಮೂವತ್ತು. ಎ, ಬಿ, ಸಿ, ಡಿ ಸಾಲುಗಳಿಗೆ ಏನೂ ಆಗುವುದಿಲ್ಲ, ಎಫ್‌ಗೂ ಇಲ್ಲ. ಇ ಸಾಲಿಗೆ ಮಾತ್ರ ಗಣಿತ ಬರುತ್ತದೆ. ಮೇಲ್ವಿಚಾರಕರ ಪತ್ತೆ ಅಕ್ಷರಶಃ ಸರಿ. ಪಿಎಚ್‌ಪಿ 8ರ ತಿದ್ದುಪಡಿ ಇದನ್ನು ಮುಟ್ಟಿಯೇ ಇಲ್ಲ, ಅದು ಸಂಖ್ಯೆಯಂತೆ ಕಾಣದ ಸ್ಟ್ರಿಂಗಿನ ಬಗ್ಗೆ ಮಾತ್ರ.

ಭದ್ರತೆಯವರಿಗೆ ಇದರ ದೊಡ್ಡ ರೂಪ ಚೆನ್ನಾಗಿ ಗೊತ್ತು. 240610708 ಎಂಬ ಅಂಕೆಗಳ ಎಂಡಿ5 ತೆಗೆದರೆ ಬರುವ 32 ಅಕ್ಷರಗಳು 0ಇ ಎಂದು ಶುರುವಾಗುತ್ತವೆ, ಉಳಿದ ಮೂವತ್ತೂ ಬರೀ ಅಂಕೆ. ಸೊನ್ನೆಯನ್ನು ಹತ್ತರ ಯಾವ ಘಾತದಿಂದ ಗುಣಿಸಿದರೂ ಸೊನ್ನೆಯೇ. ಇಂಥ ಎರಡು ಹ್ಯಾಶ್‌ಗಳನ್ನು ಎರಡು ಸಮಚಿಹ್ನೆಯಿಂದ ಹೋಲಿಸಿದರೆ ಎರಡೂ ಒಂದೇ ಎನ್ನುತ್ತದೆ. ಪಾಸ್‌ವರ್ಡ್ ಹ್ಯಾಶ್‌ಗಳನ್ನೋ ಟೋಕನ್‌ಗಳನ್ನೋ ಅರೇಯಲ್ಲಿಟ್ಟು ಸಡಿಲವಾಗಿ ಹುಡುಕುವುದು ಇದಕ್ಕೇ ಅಪಾಯ.

ಕಪಾಟಿನ ಹೆಸರು ಸಂಖ್ಯೆಯಲ್ಲ, ಹೆಸರು. ಅಲ್ಲಿ ಸ್ಟ್ರಿಕ್ಟ್ ಹಾಕಿದರೆ ಸಾಕು, ಬೇರೆ ಮದ್ದು ಬೇಡ. ಫೋನ್ ಮಾಡಿ ತಿಳಿಸಿದೆ. "ನಾನು ಹೇಳಿದಾಗ ನೀವೆಲ್ಲ ನಕ್ಕಿದ್ರಿ" ಎಂದರು. ಯಾರು ನಕ್ಕರೋ, ನಾನಂತೂ ಆಗ ಈ ಕೆಲಸದಲ್ಲಿ ಇರಲಿಲ್ಲ.

ಜೂನ್ 17, ಮಂಗಳವಾರ

ಗ್ರಂಥಾಲಯಗಳು ಎಕ್ಸೆಲ್‌ನಲ್ಲಿ ಕಳಿಸುವ ಐಎಸ್‌ಬಿಎನ್ ಪಟ್ಟಿಯನ್ನು ನಮ್ಮ ಪಟ್ಟಿಯ ಜೊತೆ ತಾಳೆ ಹಾಕುವ ಪುಟ. ನಿಧಾನ ಎಂಬ ದೂರು ಹಳೆಯದು. ಒಳಗೆ ನೋಡಿದರೆ ಒಂದು ಲೂಪ್, ಲೂಪಿನೊಳಗೆ ಇನ್_ಅರೇ. ಇನ್_ಅರೇ ಮೊದಲಿನಿಂದ ಒಂದೊಂದನ್ನೇ ಮುಟ್ಟಿ ನೋಡುತ್ತದೆ. ಆ ಕಡೆ ಇಪ್ಪತ್ತು ಸಾವಿರ, ಈ ಕಡೆ ಇಪ್ಪತ್ತು ಸಾವಿರ ಇದ್ದು ಒಂದೂ ಸಿಗದಿದ್ದರೆ 40 ಕೋಟಿ ಹೋಲಿಕೆ. ಸಿಗದ ಪುಸ್ತಕಕ್ಕೇ ಹೆಚ್ಚು ಸಮಯ, ಕೊನೆಯವರೆಗೂ ಹೋಗಿ ಬರಬೇಕಲ್ಲ.

ಪಿಎಚ್‌ಪಿಯ ಅರೇ ಒಳಗಿನಿಂದ ಹ್ಯಾಶ್ ಟೇಬಲ್. ಬೆಲೆಗಳನ್ನು ಅರೇ_ಫ್ಲಿಪ್‌ನಿಂದ ಕೀಲಿಗಳಾಗಿ ತಿರುಗಿಸಿ ಇಸ್ಸೆಟ್ ಎಂದು ಕೇಳಿದರೆ ಹುಡುಕಾಟವೇ ಇಲ್ಲ. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಗೂಡುಗಳಿಗೆ ಹಾಕಿಟ್ಟ ಮೇಲೆ ಒಂದು ಬೀದಿಯ ಕಾಗದಕ್ಕಾಗಿ ಇಡೀ ಚೀಲ ಸುರಿಯಬೇಕಿಲ್ಲ, ಆ ಗೂಡಿಗೆ ಕೈ ಹಾಕಿದರಾಯಿತು. ಪುಟ ಕಣ್ಣು ಮಿಟುಕಿಸುವುದರಲ್ಲಿ ಬಂತು. ಹುಡುಗ ಇದನ್ನು ನಾಲ್ಕು ಅಧಿಕಾರಗಳ ಪಟ್ಟಿಗೂ ಮಾಡಲು ಹೊರಟ. ನಾಲ್ಕಕ್ಕೆ ಗೂಡು ಯಾಕಪ್ಪ? ಅಲ್ಲಿ ಇನ್_ಅರೇಯೇ ಚೆನ್ನ, ಓದುವವನಿಗೂ ಸಲೀಸು.

ಆದರೆ ಕೀಲಿಗೆ ತನ್ನದೇ ಚಾಳಿಯಿದೆ. ಅಂಕೆಗಳೇ ಇರುವ ಸ್ಟ್ರಿಂಗನ್ನು ಕೀಲಿ ಮಾಡಿದರೆ ಅದು ತಾನಾಗಿ ಸಂಖ್ಯೆಯಾಗುತ್ತದೆ, ಸೊನ್ನೆಯಿಂದ ಶುರುವಾದದ್ದು ಮಾತ್ರ ಸ್ಟ್ರಿಂಗ್ ಆಗಿಯೇ ಉಳಿಯುತ್ತದೆ. ನಮ್ಮ ಹಳೆಯ ಹತ್ತು ಅಂಕೆಯ ಐಎಸ್‌ಬಿಎನ್‌ಗಳಲ್ಲಿ ಭಾರತದವು 81 ಅಥವಾ 93ರಿಂದ ಶುರು, ಇಂಗ್ಲಿಷ್ ಪುಸ್ತಕಗಳಲ್ಲಿ ಬಹಳಷ್ಟು 0ಯಿಂದ. ಕೊನೆಯ ತಾಳೆ ಅಂಕೆ ಹತ್ತಾದರೆ ಅಲ್ಲಿ ಎಕ್ಸ್ ಅಕ್ಷರ. ಅಂದರೆ ಒಂದೇ ಪಟ್ಟಿಯ ಕೀಲಿಗಳಲ್ಲಿ ಕೆಲವು ಸಂಖ್ಯೆ, ಕೆಲವು ಸ್ಟ್ರಿಂಗ್. ಇಸ್ಸೆಟ್‌ಗೆ ತೊಂದರೆಯಿಲ್ಲ, ಕೇಳುವಾಗಲೂ ಅದೇ ಬದಲಾವಣೆ ಮಾಡಿಕೊಳ್ಳುತ್ತದೆ. ಯಾರಾದರೂ ಆ ಕೀಲಿಗಳನ್ನು ಹೊರತೆಗೆದು ಸ್ಟ್ರಿಕ್ಟಾಗಿ ಹೋಲಿಸಿದರೆ ಹೆಚ್ಚಾಗಿ ಕನ್ನಡ ಪುಸ್ತಕಗಳೇ ಮಾಯವಾಗುತ್ತವೆ.

ಇದಕ್ಕೂ ಮೊದಲಿನ ಪ್ರಶ್ನೆ ಬೇರೆ ಇದೆ. 2007ರ ಜನವರಿಯಿಂದ ಐಎಸ್‌ಬಿಎನ್ ಹದಿಮೂರು ಅಂಕೆ. ಹಳೆಯ ಪುಸ್ತಕದ ಹತ್ತಂಕೆಗೂ 978 ಸೇರಿಸಿ ಕೊನೆಯ ಅಂಕೆ ಬದಲಿಸಿದ ಹದಿಮೂರಂಕೆಗೂ ಪುಸ್ತಕ ಒಂದೇ. ಒಬ್ಬರು ಅಡ್ಡಗೆರೆ ಹಾಕಿ ಕಳಿಸುತ್ತಾರೆ, ಇನ್ನೊಬ್ಬರು ಹಾಕದೆ. ಎಕ್ಸೆಲ್ ಮುಂದಿನ ಸೊನ್ನೆಯನ್ನು ನುಂಗಿಹಾಕುತ್ತದೆ. ಬಾಗಿಲಲ್ಲೇ ಎಲ್ಲವನ್ನೂ ಅಡ್ಡಗೆರೆಯಿಲ್ಲದ ಹದಿಮೂರಕ್ಕೆ ತರುವ ಫಂಕ್ಷನ್ ಬರೆದೆ. ಕೆಲಸದ ಮುಕ್ಕಾಲು ಪಾಲು ಅದೇ, ಹುಡುಕುವುದು ಒಂದು ಸಾಲು.

ಜೂನ್ 19, ಗುರುವಾರ

ಇವತ್ತಿನದು ನನಗಿಷ್ಟದ ಜಾತಿಯ ತೊಂದರೆ.

ಲೇಖಕರ ಪಟ್ಟಿಯಲ್ಲಿ ಬೇಂದ್ರೆ ಎರಡು ಸಲ. ಹೊಸ ಪುಸ್ತಕ ಸೇರಿಸುವಾಗ ಲೇಖಕರ ಹೆಸರು ಈಗಾಗಲೇ ಇದೆಯಾ ಎಂದು ಇನ್_ಅರೇ ಕೇಳುತ್ತದೆ, ಇಲ್ಲದಿದ್ದರೆ ಸೇರಿಸುತ್ತದೆ. ಎರಡು ಹೆಸರನ್ನೂ ಪಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿದೆವು. ಕೂದಲೆಳೆ ವ್ಯತ್ಯಾಸವಿಲ್ಲ. ಬೈಟ್ ಎಣಿಸಿದರೆ ಒಂದು 21, ಇನ್ನೊಂದು 24.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಅಕ್ಷರಕ್ಕೆ ಮೂರು ಬೈಟ್. ಬ, ಏತ್ವ, ಸೊನ್ನೆ, ದ, ಹಲಂತ, ರ, ಎತ್ವ. ಏಳು ಮೂರಲ ಇಪ್ಪತ್ತೊಂದು. ಇನ್ನೊಂದರಲ್ಲಿ ಏತ್ವ ಒಂದೇ ಚಿಹ್ನೆಯಾಗಿಲ್ಲ, ಮೊದಲು ಎತ್ವ, ಅದರ ಪಕ್ಕ ದೀರ್ಘದ ಚಿಹ್ನೆ. ಎಂಟು ಮೂರಲ ಇಪ್ಪತ್ನಾಲ್ಕು. ಹಳೆಯ ಆಸ್ಕಿ ಫಾಂಟುಗಳಲ್ಲಿ ದೀರ್ಘ ಒಂದು ಬೇರೆಯೇ ಮೊಳೆ, ಟೈಪ್‌ರೈಟರಿನ ಹಾಗೆ. ಆ ಕಾಲದ ಕ್ಯಾಟಲಾಗನ್ನು ಯಾರೋ ಯೂನಿಕೋಡಿಗೆ ತಿರುಗಿಸುವಾಗ ಮೊಳೆಗೆ ಮೊಳೆ ಇಳಿಸಿದ್ದಾರೆ. ಯೂನಿಕೋಡ್ ಎರಡು ರೂಪವನ್ನೂ ಸರಿ ಎನ್ನುತ್ತದೆ, ಎರಡೂ ಸಮಾನ ಎಂದೂ ಹೇಳುತ್ತದೆ. ಓತ್ವವನ್ನಂತೂ ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡು ಮಾಡಬಹುದು. ಆದರೆ ಪಿಎಚ್‌ಪಿಗೆ ಸ್ಟ್ರಿಂಗ್ ಎಂದರೆ ಬೈಟುಗಳ ಸಾಲು. ಇಲ್ಲಿ ಸಡಿಲ ಹೋಲಿಕೆಯೂ ಸ್ಟ್ರಿಕ್ಟೂ ಒಂದೇ ಉತ್ತರ ಕೊಡುತ್ತವೆ: ಇಲ್ಲ.

ಇಂಟ್ಲ್ ಎಕ್ಸ್‌ಟೆನ್ಶನ್‌ನ ನಾರ್ಮಲೈಸರ್ ಇಂಥ ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಎನ್‌ಎಫ್‌ಸಿ ಎಂದು ಅದರ ಹೆಸರು. ಬಾಗಿಲಲ್ಲಿ ಅದನ್ನೂ ಕೂರಿಸಿದೆ. ಎರಡು ಬೇಂದ್ರೆ ಒಂದಾದರು. ಹುಡುಗ ಚಪ್ಪಾಳೆ ತಟ್ಟಿದ, ಅಷ್ಟರಲ್ಲಿ ಮೂರನೆಯ ಬೇಂದ್ರೆ ಕಾಣಿಸಿಕೊಂಡರು.

ಮೂರನೆಯದು 21 ಬೈಟೇ. ನಾರ್ಮಲೈಸರ್‌ಗೂ ಜಗ್ಗಲಿಲ್ಲ. ಒಂದೊಂದೇ ಅಕ್ಷರದ ಕೋಡ್ ಸಂಖ್ಯೆ ಮುದ್ರಿಸಿದಾಗ ಗೊತ್ತಾಯಿತು: ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕೆ ಸೊನ್ನೆ! ಬೇಂದ್ರೆ ಅಲ್ಲ, ಬೇ೦ದ್ರೆ. ಕಣ್ಣಿಗೆ ಎರಡೂ ಅದೇ ದುಂಡು, ಯೂನಿಕೋಡಿಗೆ ಒಂದು ಅಕ್ಷರ, ಒಂದು ಅಂಕೆ. ಟೈಪು ಮಾಡುವವರ ತಪ್ಪು ಎನ್ನಲು ಮನಸ್ಸು ಬಾರದು, ನಾವೆಲ್ಲ ಬಾಯಲ್ಲಿ ಅದನ್ನು ಸೊನ್ನೆ ಎಂದೇ ಕರೆಯುವುದಲ್ಲವೇ? ಇದಕ್ಕೆ ಯೂನಿಕೋಡಿನಲ್ಲಿ ಸಿದ್ಧ ಮದ್ದಿಲ್ಲ, ನಾವೇ ನಿಯಮ ಬರೆಯಬೇಕು. ಕನ್ನಡ ಅಕ್ಷರದ ಬೆನ್ನಿಗೇ ಅಂಕೆ ಸೊನ್ನೆ ಬಂದರೆ ಅನುಸ್ವಾರ ಮಾಡು. ಅಂಕೆಯ ಪಕ್ಕದಲ್ಲಿದ್ದರೆ ಮುಟ್ಟಬೇಡ, ೧೯೫೦ರಂಥ ಇಸವಿ ಶೀರ್ಷಿಕೆಗಳಲ್ಲಿ ಇರುತ್ತದೆ.

ಕಣ್ಣಿಗೆ ಕಾಣದವು ಇನ್ನೂ ಇವೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಒತ್ತಕ್ಷರ ಆಗದಂತೆ ನಡುವೆ ಹಾಕುವ ಕಾಣದ ಅಕ್ಷರ, ಒಬ್ಬರು ಹಾಕುತ್ತಾರೆ, ಒಬ್ಬರು ಇಲ್ಲ. ವೆಬ್ ಪುಟದಿಂದ ನಕಲು ಮಾಡಿದಾಗ ಬರುವ ಮುರಿಯದ ಖಾಲಿಜಾಗ, ಇದನ್ನು ಪಿಎಚ್‌ಪಿಯ ಟ್ರಿಮ್ ಕತ್ತರಿಸುವುದಿಲ್ಲ. 8.4ರ ಎಂಬಿ_ಟ್ರಿಮ್ ಕತ್ತರಿಸುತ್ತದೆ, ನಮಗೆ ಸದ್ಯಕ್ಕೆ ಸಿಗದು. ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿ ಉಳಿಸಿದರೆ ಫೈಲಿನ ತಲೆಗೆ ಮೂರು ಬೈಟಿನ ಬಾಮ್ ಸೇರುತ್ತದೆ, ಮೊದಲ ಸಾಲಿನ ಮೊದಲ ಹೆಸರು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಜಿಲ್ಲೆಯ ಹೆಸರು ಬೇರೆ ಬಗೆ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಹಳೆಯ ವಿಳಾಸಗಳಲ್ಲಿ ಗುಲ್ಬರ್ಗ, ಬೆಲ್ಗಾಂ, ಹೊಸವುಗಳಲ್ಲಿ ಕಲಬುರಗಿ, ಬೆಳಗಾವಿ. ಬಳ್ಳಾರಿಯಿಂದ 2021ರಲ್ಲಿ ವಿಜಯನಗರ ಬೇರೆಯಾದ ಮೇಲೆ ಹೊಸಪೇಟೆಯ ಹಳೆಯ ಗ್ರಾಹಕರು ಯಾವ ಜಿಲ್ಲೆಯ ಪಟ್ಟಿಯಲ್ಲಿ? ಇದನ್ನು ಯಾವ ನಾರ್ಮಲೈಸರ್ ಹೇಳೀತು? ಹೆಸರನ್ನು ಹೋಲಿಸುವುದನ್ನೇ ಬಿಟ್ಟು ಜಿಲ್ಲೆಗೊಂದು ಕೋಡ್ ಕೊಟ್ಟು, ಹಳೆಯ ಹೆಸರುಗಳಿಗೆ ಬೇರೆ ಟೇಬಲ್ ಮಾಡಿದೆವು. ಮನೆಗೆ ಹೊರಟಾಗ ಎಂಟು ದಾಟಿತ್ತು.

ಜೂನ್ 20, ಶುಕ್ರವಾರ

ಪಾರ್ಸೆಲ್ ಎಲ್ಲಿದೆ ಎಂದು ತೋರಿಸುವ ಹೊಸ ತುಣುಕನ್ನು ಪಕ್ಕದ ತಂಡ ನೋಡ್‌ನಲ್ಲಿ ಬರೆಯುತ್ತಿದೆ. "ನಿಮ್ಮ ಪಿಎಚ್‌ಪಿ ರಗಳೆ ನಮಗಿಲ್ಲ ಬಿಡಿ, ನಮ್ಮದು ಇನ್‌ಕ್ಲೂಡ್ಸ್" ಎಂದು ಊಟದ ಹೊತ್ತಿನಲ್ಲಿ ಕಾಲೆಳೆದರು. ಜಾವಾಸ್ಕ್ರಿಪ್ಟಿನ ಇನ್‌ಕ್ಲೂಡ್ಸ್ ನಿಜವಾಗಿಯೂ ಬಿಗಿ. 2016ರ ಆವೃತ್ತಿಯಲ್ಲಿ ಬಂದದ್ದು, ಮೊದಲು ಅದಕ್ಕೆ ಕಂಟೇನ್ಸ್ ಎಂದು ಹೆಸರಿಡಲು ಹೊರಟಿದ್ದರು. ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರನ್ನು ಮೊದಲೇ ಬಳಸಿ, ಅದನ್ನು ನಂಬಿದ ಸೈಟುಗಳು ಮುರಿದವು ಎಂದು ಬದಲಿಸಿದರು. ಅದಕ್ಕೂ ಮುಂಚಿನ ಇಂಡೆಕ್ಸ್‌ಆಫ್‌ಗೆ ಎನ್‌ಎಎನ್ ಕಣ್ಣೆದುರಿದ್ದರೂ ಸಿಗುತ್ತಿರಲಿಲ್ಲ, ಇನ್‌ಕ್ಲೂಡ್ಸ್‌ಗೆ ಸಿಗುತ್ತದೆ.

ಅವರ ಕೋಡನ್ನು ಇಣುಕಿದೆ. ಯುಆರ್‌ಎಲ್‌ನಲ್ಲಿ ಬಂದ ಅಧಿಕಾರಗಳಲ್ಲಿ 'ಅಡ್ಮಿನ್' ಇದೆಯಾ ಎಂದು ಇನ್‌ಕ್ಲೂಡ್ಸ್. ಎಕ್ಸ್‌ಪ್ರೆಸ್‌ನಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ಅರೇ ಸಿಗುತ್ತದೆ, ಒಂದೇ ಸಲ ಬಂದರೆ ಬರೀ ಸ್ಟ್ರಿಂಗ್. ಸ್ಟ್ರಿಂಗಿಗೂ ಇನ್‌ಕ್ಲೂಡ್ಸ್ ಎಂಬ ಮೆಥಡ್ ಇದೆ, ಅದು ನೋಡುವುದು ತುಣುಕನ್ನು. 'ನಾನ್‌ಅಡ್ಮಿನ್' ಎಂದು ಕಳಿಸಿದರೂ ಒಳಗೆ! ದೋಷದ ಸಂದೇಶವೂ ಇಲ್ಲ. ಅಧಿಕಾರವನ್ನು ಯುಆರ್‌ಎಲ್‌ನಿಂದ ಓದುವುದೇ ಮೊದಲ ಪ್ರಮಾದ, ಆ ಮಾತು ಬೇರೆ.

ಪೈಥಾನ್ ಬಲ್ಲ ಹುಡುಗಿಯೊಬ್ಬಳು ನಗುತ್ತಿದ್ದಳು. ಟ್ಯೂಪಲ್‌ನಲ್ಲಿ ಒಂದೇ ಬೆಲೆಯಿಟ್ಟು ಕೊನೆಯ ಅಲ್ಪವಿರಾಮ ಮರೆತರೆ ಅದು ಟ್ಯೂಪಲ್ ಅಲ್ಲ, ಸ್ಟ್ರಿಂಗೇ. ಆಗ ಇನ್ ಎಂಬುದು ಅಲ್ಲೂ ತುಣುಕು ಹುಡುಕುತ್ತದೆ ಎಂದೆ. ಸ್ವಲ್ಪ ಹೊತ್ತಿಗೆ ತನ್ನ ಲ್ಯಾಪ್‌ಟಾಪ್ ತೆಗೆದಳು. ಏನು ಸಿಕ್ಕಿತೋ ಹೇಳಲಿಲ್ಲ. ಗೋ ಭಾಷೆಯವರು 2023ರ 1.21 ಆವೃತ್ತಿಯ ತನಕ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇದಕ್ಕೆ ಫಂಕ್ಷನ್ನೇ ಇಲ್ಲದೆ ಲೂಪ್ ಬರೆದುಕೊಂಡಿದ್ದರು. ಬೇಸರದ ಕೆಲಸ, ಆದರೆ ಕೈಯಿಂದ ಬರೆದ ಲೂಪಿನಲ್ಲಿ ಸಮಚಿಹ್ನೆ ಕಣ್ಣಿಗೆ ಕಾಣುತ್ತದೆ.

ಜೂನ್ 24, ಮಂಗಳವಾರ

ಬಹುಪಾಲು ಮುಗಿಯಿತು. ಕೆಲವು ಕಡೆ ಇನ್_ಅರೇಯನ್ನು ತೆಗೆದು ಪ್ರಶ್ನೆಯನ್ನು ಡೇಟಾಬೇಸಿಗೇ ಬಿಟ್ಟೆ. ಸಾವಿರಾರು ಸಾಲುಗಳನ್ನು ಪಿಎಚ್‌ಪಿಗೆ ಎಳೆದು ತಂದು ಹುಡುಕುವ ಬದಲು ಅಲ್ಲೇ ಕೇಳುವುದು ಮೇಲು. ಆದರೆ ಅಲ್ಲಿಯ ನ್ಯಾಯ ಬೇರೆ. ಎಸ್‌ಕ್ಯೂಎಲ್‌ನಲ್ಲಿ 'ಈ ಪಟ್ಟಿಯಲ್ಲಿ ಇಲ್ಲದವರು' ಎಂದು ಕೇಳುವಾಗ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೆ ಒಬ್ಬರೂ ಸಿಗುವುದಿಲ್ಲ. ಆ ನಲ್ ಯಾರೆಂದು ಗೊತ್ತಿಲ್ಲ, ನೀನೇ ಇರಬಹುದು ಎಂಬ ತರ್ಕ. ಮೈಎಸ್‌ಕ್ಯೂಎಲ್‌ನ ಸಾಮಾನ್ಯ ಕೊಲೇಶನ್‌ಗಳಿಗೆ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಒಂದೇ, ಪಿಎಚ್‌ಪಿಗೆ ಬೇರೆ. ಇಮೇಲ್ ವಿಳಾಸ ಡೇಟಾಬೇಸಿನಲ್ಲಿ ಇದೆ, ಅರೇಯಲ್ಲಿ ಇಲ್ಲ ಎಂಬ ವಿಚಿತ್ರ ಹುಟ್ಟುವುದು ಇಲ್ಲಿಂದ.

ಒಂದು ಟೇಬಲಿನಲ್ಲಿ ವಿಭಾಗಗಳ ಸಂಖ್ಯೆಗಳನ್ನು ಅಲ್ಪವಿರಾಮ ಹಾಕಿ ಒಂದೇ ಸ್ಟ್ರಿಂಗ್ ಮಾಡಿಟ್ಟಿದ್ದಾರೆ, "12,31". ಅದರಲ್ಲಿ 1 ಇದೆಯಾ ಎಂದು ಸ್ಟ್ರ್‌ಪಾಸ್‌ಗೆ ಕೇಳಿದರೆ ಇದೆ ಎನ್ನುತ್ತದೆ, 2 ಕೇಳಿದರೂ ಇದೆ, 3 ಕೇಳಿದರೂ. ಮಕ್ಕಳ ಪುಸ್ತಕಗಳ ನಡುವೆ ಕಾನೂನಿನ ಕೈಪಿಡಿ ಬರುತ್ತಿದ್ದದ್ದು ಇದರಿಂದ. ಬೇರೆ ಟೇಬಲ್ ಆಗಬೇಕು, ಹುಡುಗನಿಗೆ ವಹಿಸಿದ್ದೇನೆ. ಕಳೆದ ವಾರಕ್ಕಿಂತ ಈಗ ಮೆಲ್ಲಗೆ ಹೋಗುತ್ತಾನೆ, ಟ್ರೂ ಅಂಟಿಸುವ ಮುಂಚೆ ವಾರ್_ಡಂಪ್ ಮಾಡಿ ಎರಡೂ ಕಡೆಯ ಟೈಪು ನೋಡುತ್ತಾನೆ.

ಉಳಿದದ್ದು ಪಾವತಿಯ ಸಾಲು. ಹಣ ಬಂತೋ ಇಲ್ಲವೋ ಎಂದು ಬ್ಯಾಂಕಿನಿಂದ ಬರುವ ಕೋಡ್ ಯಶಸ್ಸಿನ ಪಟ್ಟಿಯಲ್ಲಿದೆಯಾ ಎಂಬ ಪ್ರಶ್ನೆ. ಪಟ್ಟಿಯಲ್ಲಿ ಇರುವುದು "00" ಒಂದೇ. ಸಡಿಲ ಹೋಲಿಕೆಯಲ್ಲಿ "0", "000" ಕೂಡ ಅದಕ್ಕೆ ಸಮ. ಅವರ ದಾಖಲೆಯಲ್ಲಿ "00" ಎಂದರೆ ಯಶಸ್ಸು ಎಂದಿದೆ, "0" ಎಂಬುದರ ಸುದ್ದಿಯೇ ಇಲ್ಲ. ನಮ್ಮ ಹಳೆಯ ಆರ್ಡರ್‌ಗಳಲ್ಲಿ ಮಾತ್ರ "0" ಬಂದವು ಇವೆ, ಅವುಗಳ ಹಣವೂ ಬಂದಿದೆ ಎಂದು ಲೆಕ್ಕದವರು ಖಾತೆ ನೋಡಿ ಹೇಳಿದರು. ಸ್ಟ್ರಿಕ್ಟ್ ಹಾಕಿದರೆ ಹಣ ಕೊಟ್ಟ ಗ್ರಾಹಕನಿಗೆ 'ಪಾವತಿ ಆಗಲಿಲ್ಲ' ಎಂದು ತೋರಿಸುತ್ತೇವೆ. ಹಾಕದಿದ್ದರೆ ನಾಳೆ ಜೇಸನ್‌ನಲ್ಲಿ ಟ್ರೂ ಬಂದರೂ ಪುಸ್ತಕ ಹೊರಟಿರುತ್ತದೆ.

ಸದ್ಯಕ್ಕೆ ಹೀಗೆ ಮಾಡಿದೆ: ಬಂದದ್ದು ಸ್ಟ್ರಿಂಗ್ ಅಲ್ಲದಿದ್ದರೆ ಬಾಗಿಲಲ್ಲೇ ವಾಪಸ್, ಪಟ್ಟಿಯಲ್ಲಿ "00" ಜೊತೆ "0" ಕೂಡ ಬಾಯಿಬಿಟ್ಟು ಸೇರಿಸಿ ಸ್ಟ್ರಿಕ್ಟ್, "0" ಬಂದಾಗಲೆಲ್ಲ ಲಾಗ್‌ನಲ್ಲಿ ಒಂದು ಸಾಲು. ಬ್ಯಾಂಕಿಗೆ ಇಮೇಲ್ ಹೋಗಿದೆ. ಅವರು ಉತ್ತರಿಸುವ ಮುಂಚೆ 8.3ನ್ನು ನಿಜವಾದ ಸರ್ವರ್‌ಗೆ ಹಾಕುವುದಿಲ್ಲ ಎಂದು ಮಾಲೀಕರಿಗೆ ಹೇಳಿದೆ. "ಅದಕ್ಕೇ ನಾನು ಅಂದಿದ್ದು, ಓಡ್ತಾ ಇತ್ತಲ್ಲ ಅಂತ" ಎಂದರು.